ಅಂಗಡಿಗೆ ಲೈಸೆನ್ಸ್ ಉಂಟು, ಗ್ಯಾಸ್ ತುಂಬುವ ಕೈಗೆ?

2024ರ ಏಪ್ರಿಲ್ 28ರಂದು ಬೆಂಗಳೂರಿನ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಫ್ಯಾನಿಲ್ಲದೆ ಬೇಸಿಗೆ ಕಳೆಯುವುದನ್ನೇ ಹೆಚ್ಚುಗಾರಿಕೆ ಎಂದುಕೊಂಡಿದ್ದ ಊರು ಈಗ ಮಲಗುವ ಕೋಣೆಯ ಎ.ಸಿ.ಯನ್ನು ಮನೆ ಕಟ್ಟುವ ಖರ್ಚಿನಲ್ಲೇ ಸೇರಿಸಿಕೊಳ್ಳುತ್ತಿದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬಿಸಿಲೂ ಹೊಸದಲ್ಲ, ಮಂಗಳೂರಿನ ಸೆಕೆಯೂ ಹೊಸದಲ್ಲ. ಅದನ್ನು ತಡೆಯುವ ಯಂತ್ರ ಮಧ್ಯಮವರ್ಗದ ಕೈಗೆ ಎಟುಕಿದ್ದು ಹೊಸದು. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ರೂಮ್ ಎ.ಸಿ.ಗಳ ಸಂಖ್ಯೆ ಒಂದು ಕೋಟಿ ದಾಟಿದೆ. 2025ರ ಸೆಪ್ಟೆಂಬರ್ 22ರಿಂದ ಅವುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಇಷ್ಟು ಯಂತ್ರಗಳೂ ಡಬ್ಬದಲ್ಲಿ ಬರುವಾಗ ಅರ್ಧ ಯಂತ್ರಗಳೇ. ಫ್ರಿಜ್ಜಿನ ಹಾಗೆ ಪ್ಲಗ್ ಚುಚ್ಚಿದರೆ ಸ್ಪ್ಲಿಟ್ ಎ.ಸಿ. ನಡೆಯುವುದಿಲ್ಲ. ಯಾರೋ ಒಬ್ಬರು ಬಂದು ಗೋಡೆ ಕೊರೆದು, ಒಳಗಿನ ಯೂನಿಟ್ಟಿಗೂ ಹೊರಗಿನದಕ್ಕೂ ಕಾಪರ್ ಪೈಪ್ ಜೋಡಿಸಿ, ಒಳಗಿನ ಗಾಳಿ ತೆಗೆದು, ಗ್ಯಾಸ್ ಬಿಟ್ಟಮೇಲೆ ಅದು ಪೂರ್ತಿ ಯಂತ್ರವಾಗುತ್ತದೆ. ಆ ಯಾರೋ ಒಬ್ಬರಿಗೆ ಕೆಲಸ ಬರುತ್ತದೆಯೇ ಎಂದು ನಮ್ಮಲ್ಲಿ ಯಾರು ನೋಡುತ್ತಾರೆ, ನೋಡಬೇಕಾದವರು ಯಾರು, ನೋಡುವುದಕ್ಕೆ ಎಷ್ಟು ಖರ್ಚು ಎಂಬುದು ಇಲ್ಲಿಯ ವಿಚಾರ.

ಯಂತ್ರದ ಮಟ್ಟಿಗೆ ಸರ್ಕಾರ ಏನೂ ಬಿಟ್ಟಿಲ್ಲ. ರೂಮ್ ಎ.ಸಿ.ಗಳಿಗೆ ಸ್ಟಾರ್ ಲೇಬಲ್ 2010ರಿಂದ ಕಡ್ಡಾಯ. ಕಾರ್ಖಾನೆಯಿಂದ ಬರುವಾಗಲೇ ಅದು 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ಯಾಸ್ ತುಂಬಿದ ಎ.ಸಿ.ಗಳ ಆಮದನ್ನು ನಿಷೇಧಿಸಲಾಯಿತು. ಬಿ.ಐ.ಎಸ್. ಮಾನಕ, ಗುಣಮಟ್ಟ ನಿಯಂತ್ರಣ ಆದೇಶ, ಒಂದೊಂದು ಮಾದರಿಗೂ ಪ್ರಯೋಗಾಲಯದ ಪರೀಕ್ಷೆ, ಎಲ್ಲವೂ ಉಂಟು. ಐದು ಸ್ಟಾರಿನ ಲೇಬಲ್ ಅಂಟಿಸಿಕೊಂಡು ಡಬ್ಬ ಮನೆ ಬಾಗಿಲಿಗೆ ಬಂದು ಇಳಿಯುತ್ತದೆ, ಅಲ್ಲಿಗೆ ಕಾನೂನಿನ ಮಾತು ಮುಗಿಯುತ್ತದೆ. ಪ್ರಯೋಗಾಲಯದಲ್ಲಿ ಅಳೆದ ದಕ್ಷತೆ ಮನೆಯ ಗೋಡೆಯ ಮೇಲೆ ಉಳಿಯುವುದೋ ಇಲ್ಲವೋ ಎಂಬುದು ಅಂದು ಮಧ್ಯಾಹ್ನ ಡ್ರಿಲ್ ಹಿಡಿದು ಬರುವ ಹುಡುಗನಿಗೆ ಬಿಟ್ಟದ್ದು. ಆ ಹುಡುಗ ಯಾರು, ಎಲ್ಲಿ ಕಲಿತ ಎಂದು ಕೇಳುವ ನಿಯಮ ರಾಜ್ಯದಲ್ಲೂ ಇಲ್ಲ, ದೇಶದಲ್ಲೂ ಇಲ್ಲ.

ಹಾಗೆಂದು ಈ ಕಸುಬಿನವರು ಕಾಗದಪತ್ರದ ಕಾಟವಿಲ್ಲದೆ ಬದುಕಿದ್ದಾರೆ ಎಂದುಕೊಳ್ಳಬಾರದು. ಒಂದು ಸಣ್ಣ ಸರ್ವಿಸ್ ಅಂಗಡಿ ತೆರೆದವರು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ನಗರಪಾಲಿಕೆಯ ಟ್ರೇಡ್ ಲೈಸೆನ್ಸ್ ತೆಗೆದುಕೊಂಡು ವರ್ಷವರ್ಷವೂ ನವೀಕರಿಸಬೇಕು. ವೃತ್ತಿ ತೆರಿಗೆ ಕಟ್ಟಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ, ಕಂಪನಿಗಳ, ಆಸ್ಪತ್ರೆಗಳ ವಾರ್ಷಿಕ ನಿರ್ವಹಣಾ ಗುತ್ತಿಗೆ (ಎ.ಎಂ.ಸಿ.) ಬೇಕೆಂದರೆ ವಹಿವಾಟು ದಾಟದಿದ್ದರೂ ನಂಬರ್ ಕೇಳುತ್ತಾರೆ. ಬ್ಯಾಂಕಿನ ಸಾಲಕ್ಕೆ ಉದ್ಯಮ್ ನೋಂದಣಿ, ಹುಡುಗರ ಸಂಖ್ಯೆ ಹೆಚ್ಚಿದರೆ ಇ.ಎಸ್.ಐ., ಪಿ.ಎಫ್. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳು ಸಣ್ಣ ವ್ಯಾಪಾರಿಗಳನ್ನು ಬೀದಿಗಿಳಿಸಿದ್ದು ಎಲ್ಲರಿಗೂ ನೆನಪಿರುವ ಸಂಗತಿ. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಕಾರಣ ಇರಬಹುದು, ಆ ತಕರಾರು ಇಲ್ಲಿ ಬೇಡ. ಗಮನಿಸಬೇಕಾದದ್ದು ಇಷ್ಟು: ಈ ಕಾಗದಗಳೆಲ್ಲ ಅಂಗಡಿಯ ವಿಳಾಸ, ಮಾಲೀಕರ ಪ್ಯಾನ್ ನಂಬರ್, ಬೋರ್ಡಿನ ಅಳತೆ, ಕೆಲಸಗಾರರ ಹಾಜರಿ ಕೇಳುತ್ತವೆ. ಪೈಪಿನ ತುದಿಯನ್ನು ಸರಿಯಾಗಿ ಫ್ಲೇರ್ ಮಾಡಲು, ಅಂದರೆ ಅರಳಿಸಲು, ಬರುತ್ತದೆಯೇ ಎಂದು ಒಂದೂ ಕೇಳುವುದಿಲ್ಲ. ಎಲ್ಲ ಕಾಗದವನ್ನೂ ಸರಿಯಾಗಿಟ್ಟುಕೊಂಡ, ಕೆಲಸ ಮಾತ್ರ ಬಾರದ ಕಾಂಟ್ರಾಕ್ಟರು ಕಾನೂನಿನ ಕಣ್ಣಿಗೆ ನಿರ್ದೋಷಿ. ಕೆಲಸದಲ್ಲಿ ಪಳಗಿದ, ಸ್ಕೂಟರಿನಲ್ಲಿ ಚೀಲ ಹೇರಿಕೊಂಡು ಓಡಾಡುವ ಮೆಕ್ಯಾನಿಕ್ ಅದೇ ಕಾನೂನಿಗೆ ಕಾಣಿಸುವುದೇ ಇಲ್ಲ.

ಕೈಕೆಲಸವನ್ನು ನೋಡುವ ಒಂದು ಪದ್ಧತಿ ಮಾತ್ರ ಪಕ್ಕದ ಓಣಿಯಲ್ಲೇ ಇದೆ. ವಿದ್ಯುತ್ ಕೆಲಸಕ್ಕೆ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಾಂಟ್ರಾಕ್ಟರ್ ಲೈಸೆನ್ಸ್ ಎಂಬ ಮೆಟ್ಟಿಲುಗಳಿವೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಅವುಗಳನ್ನು ನೋಡಿಕೊಳ್ಳುತ್ತದೆ. ಲೈಸೆನ್ಸ್ ಪಡೆದ ಕಾಂಟ್ರಾಕ್ಟರರ ಮೂಲಕವಲ್ಲದೆ ಹೊಸ ಮೀಟರ್ ಸಂಪರ್ಕ ಸಿಗುವುದಿಲ್ಲ. ಆದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ: ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಗೃಹೋಪಯೋಗಿ ಉಪಕರಣ, ಇವುಗಳನ್ನು ಬದಲಿಸಲು ಪರ್ಮಿಟ್ ಬೇಕಿಲ್ಲ. ಬಲ್ಬು ಬದಲಿಸುವುದಕ್ಕೆಲ್ಲ ಲೈಸೆನ್ಸ್ ಕೇಳಬಾರದೆಂಬ ವಿವೇಕದಿಂದ ಬಂದ ಮಾತು ಇದು. ಒಂದೂವರೆ ಟನ್ನಿನ ಎ.ಸಿ. ಈ ಬಾಗಿಲಿನಲ್ಲೇ ನುಸುಳಿಕೊಳ್ಳುತ್ತದೆ. ಅದಕ್ಕೆಂದು ಹೊಸ ಎಂ.ಸಿ.ಬಿ., ದಪ್ಪ ವೈರು ಎಳೆದರೆ ಆ ಕೆಲಸ ಪರ್ಮಿಟ್ಟಿನ ವ್ಯಾಪ್ತಿಗೆ ಬರಬೇಕು, ಅದನ್ನೂ ಎ.ಸಿ. ತಂದ ಹುಡುಗನೇ ಹತ್ತು ನಿಮಿಷದಲ್ಲಿ ಮುಗಿಸುವುದು ವಾಡಿಕೆ. ಗ್ಯಾಸಿನ ಕೆಲಸವಂತೂ ವಿದ್ಯುತ್ ಕಾನೂನಿನ ವಿಷಯವೇ ಅಲ್ಲ. ಅತ್ತ ಲಿಫ್ಟುಗಳಿಗೆ 2012ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಕೊಂಡಿದೆ. ಲಿಫ್ಟು ಬಿದ್ದರೆ ಜನ ಸಾಯುತ್ತಾರೆ, ನಿಜ. ಹೊರಗೋಡೆಗೆ ನೇತುಹಾಕಿದ ಔಟ್‌ಡೋರ್ ಯೂನಿಟ್ ಬಿದ್ದರೂ ಸಾಯುತ್ತಾರೆ: 2024ರ ಆಗಸ್ಟಿನಲ್ಲಿ ದೆಹಲಿಯ ಕರೋಲ್ ಬಾಗ್‌ನಲ್ಲಿ ಮೇಲಿನ ಮಹಡಿಯಿಂದ ಕಳಚಿದ ಯೂನಿಟ್ ರಸ್ತೆಯಲ್ಲಿದ್ದ ಯುವಕನೊಬ್ಬನ ಜೀವ ತೆಗೆಯಿತು.

ಈ ಕೆಲಸದಲ್ಲಿ ಕಲಿಯುವಂಥದ್ದು ಏನಿದೆ ಎಂದು ಕೇಳುವವರಿಗಾಗಿ ಒಂದು ಜೋಡಣೆಯನ್ನು ಹತ್ತಿರದಿಂದ ನೋಡೋಣ. ಕಾಪರ್ ಪೈಪನ್ನು ಗರಗಸದಿಂದಲ್ಲ, ಕಟರ್‌ನಿಂದ ನೇರವಾಗಿ ಕತ್ತರಿಸಬೇಕು. ಒಳಗಂಚಿನ ಒರಟನ್ನು ಕೆರೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ತಾಮ್ರದ ಚೂರು ಒಳಗೆ ಬಿದ್ದು ಒಂದು ದಿನ ಕಂಪ್ರೆಸರ್ ತಲುಪುತ್ತದೆ. ನಟ್ ಮೊದಲು ತೊಡಿಸಿ, ಆಮೇಲೆ ತುದಿಯನ್ನು ಕಹಳೆಯ ಬಾಯಿಯಂತೆ ಅರಳಿಸಬೇಕು; ಒಂದು ಕಡೆ ತೆಳುವಾದರೆ ಈ ವರ್ಷ ಹಿಡಿದು ಮುಂದಿನ ವರ್ಷ ಸೋರುತ್ತದೆ. ಜೋಡಿಸಿದ ಮೇಲೆ ಒಣ ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನು ನೀರು ಹಚ್ಚಿ ಸೋರಿಕೆ ನೋಡಬೇಕು. ನಂತರ ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿಯನ್ನೂ ತೇವವನ್ನೂ ಎಳೆದು, ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಕಾಯಬೇಕು. ಈ ಕಾಯುವಿಕೆಯೇ ಕೆಲಸದ ಜೀವ, ಎಲ್ಲರೂ ಹಾರಿಸುವುದೂ ಅದನ್ನೇ. ಪಂಪ್ ತರದೆ, ಔಟ್‌ಡೋರಿನಲ್ಲಿರುವ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಹೊರಗೆ ತಳ್ಳುವ ಅಡ್ಡದಾರಿ ಊರೂರಲ್ಲೂ ಚಾಲ್ತಿಯಲ್ಲಿದೆ. ಒಳಗೆ ಉಳಿದ ತೇವವನ್ನು ಈಗಿನ ಯಂತ್ರಗಳ ಎಣ್ಣೆ ಹೀರಿಕೊಂಡು ಆಮ್ಲವಾಗುತ್ತದೆ, ಅದು ನಿಧಾನವಾಗಿ ಕಂಪ್ರೆಸರಿನ ವೈಂಡಿಂಗನ್ನು ತಿನ್ನುತ್ತದೆ. ಇನ್ನೂ ಅಪಾಯದ್ದೆಂದರೆ ನೈಟ್ರೋಜನ್ ಸಿಲಿಂಡರ್ ಇಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ನನ್ನೇ ಪೈಪಿಗೆ ಬಿಟ್ಟು ಸೋರಿಕೆ ಹುಡುಕುವುದು. ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಯನ್ನು ಕೂಡಿದರೆ ಸ್ಫೋಟ. ಅಂಥ ಸ್ಫೋಟದಲ್ಲಿ ಮೊದಲು ಸಿಕ್ಕಿಬೀಳುವವನು ಯಂತ್ರದ ಮೇಲೆ ಬಗ್ಗಿ ನಿಂತ ಮೆಕ್ಯಾನಿಕ್ಕನೇ.

ಗ್ಯಾಸ್ ತುಂಬುವಾಗಲೂ ಇದೇ ಕಥೆ. ಯಂತ್ರದ ಪ್ಲೇಟಿನ ಮೇಲೆ ಇಷ್ಟು ಗ್ರಾಂ ಎಂದು ಬರೆದಿರುತ್ತದೆ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತೂಗಿ ತುಂಬಬೇಕು. ನಡೆಯುವುದು ಗೇಜಿನ ಅಂದಾಜಿನಲ್ಲಿ, ಹಲವೊಮ್ಮೆ ಪೈಪು ಮುಟ್ಟಿ ತಣ್ಣಗಾಯಿತೆಂಬ ನಂಬಿಕೆಯಲ್ಲಿ. ಹೆಚ್ಚಾದರೂ ಕಡಿಮೆಯಾದರೂ ಅಂದಿನ ಮಟ್ಟಿಗೆ ಕೋಣೆ ತಂಪಾಗುತ್ತದೆ, ಕರೆಂಟ್ ಬಿಲ್ಲಿನಲ್ಲಿ ಮಾತ್ರ ಐದು ಸ್ಟಾರ್ ಮೂರಾಗಿರುತ್ತದೆ.

ಕೆಲಸಗಾರರೆಲ್ಲ ಸೋಮಾರಿಗಳು ಎಂಬ ಸುಲಭದ ತೀರ್ಪಿಗೆ ಇಲ್ಲಿ ಜಾಗವಿಲ್ಲ. ಇದು ಲೆಕ್ಕಾಚಾರದ ಫಲ. ಒಂದು ಎ.ಸಿ. ಕೂರಿಸುವುದಕ್ಕೆ ಗಿರಾಕಿ ಕೊಡುವುದು ಸುಮಾರು ಒಂದೂವರೆ ಸಾವಿರ ರೂಪಾಯಿ. ಅದರಲ್ಲಿ ಏಜೆನ್ಸಿಯ ಪಾಲು ಕಳೆದು ಕೈಗೆ ಬರುವುದರಲ್ಲಿ ಇಬ್ಬರ ಕೂಲಿ, ಪೆಟ್ರೋಲು. ಸೀಸನ್ ಇರುವುದು ಮಾರ್ಚ್‌ನಿಂದ ಮೇ ಕೊನೆಯವರೆಗೆ, ವರ್ಷದ ಗಳಿಕೆಯ ದೊಡ್ಡ ಪಾಲು ಆ ಮೂರು ತಿಂಗಳಲ್ಲೇ ಆಗಬೇಕು. ಪೀಸಿನ ಲೆಕ್ಕದಲ್ಲಿ ದುಡ್ಡು ಬರುವಾಗ ವ್ಯಾಕ್ಯೂಮಿಗೆ ಅರ್ಧ ಗಂಟೆ ಕಾಯ್ದವನಿಗೆ ದಿನಕ್ಕೆ ಒಂದು ಕೆಲಸ ಖೋತಾ. ವ್ಯಾಕ್ಯೂಮ್ ಪಂಪಿಗೇ ಹಲವು ಸಾವಿರ. ನೈಟ್ರೋಜನ್ ಸಿಲಿಂಡರು, ರೆಗ್ಯುಲೇಟರು, ತಕ್ಕಡಿ ಸೇರಿದರೆ ಇನ್ನಷ್ಟು. ಹಳೆಯ ಗ್ಯಾಸನ್ನು ಹಿಂದಕ್ಕೆ ಎಳೆದಿಡುವ ರಿಕವರಿ ಯಂತ್ರದ ಬೆಲೆಯಂತೂ ಒಂಟಿ ಮೆಕ್ಯಾನಿಕ್ಕಿನ ಕೈಗೆ ಮೀರಿದ್ದು. ಇದನ್ನೆಲ್ಲ ಕೊಂಡು ಸರಿಯಾಗಿ ಕೆಲಸ ಮಾಡುವವನು ಹೆಚ್ಚು ಕೇಳಬೇಕು. ಕೇಳಿದರೆ ಪಕ್ಕದವನು ಕಡಿಮೆಗೆ ಬರುತ್ತಾನೆ, ಇಬ್ಬರ ಕೆಲಸದ ವ್ಯತ್ಯಾಸವನ್ನು ತೋರಿಸುವ ಗುರುತು ಯಾವುದೂ ಇಲ್ಲ. ಇನ್ನು ಗಿರಾಕಿಯ ಲೆಕ್ಕ ನೋಡಿ. ಫ್ಲೇರ್ ಸೋರುತ್ತಿದ್ದರೆ ಪ್ರತಿ ಬೇಸಿಗೆಗೂ ಎರಡೂವರೆ, ಮೂರು ಸಾವಿರದ ಗ್ಯಾಸ್ ಫಿಲ್ಲಿಂಗ್. ಎ.ಸಿ. ಎಂದಮೇಲೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಲೇಬೇಕು ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ ಸೋರಿಕೆ ಹುಡುಕಿ ಎಂದು ಕೇಳುವವರೇ ಕಡಿಮೆ. ಮುಚ್ಚಿದ ಕೊಳವೆಯೊಳಗೆ ಸುತ್ತುವ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮೂರು ಬೇಸಿಗೆ ತುಂಬಿಸಿದ ಹಣದಲ್ಲಿ ಸೋರಿಕೆಯನ್ನು ಒಮ್ಮೆಗೇ ಮುಗಿಸಬಹುದಿತ್ತು. ಅಗ್ಗದ ಕೂಲಿ ಅಂತೂ ಗಿರಾಕಿಗೆ ಅಗ್ಗವಾಗಿಲ್ಲ.

ಸೋರಿದ ಗ್ಯಾಸ್ ಮನೆಯವರ ಜೇಬಿಗಷ್ಟೇ ನಷ್ಟವಾಗಿದ್ದರೆ ಅದು ಅವರವರ ವ್ಯವಹಾರ ಎಂದು ಬಿಡಬಹುದಿತ್ತು. ಹಳೆಯ ಯಂತ್ರಗಳಲ್ಲಿರುವ ಆರ್-22 ಓಝೋನ್ ಪದರಕ್ಕೂ ಕೆಡುಕು. ಅದರ ಒಂದು ಕಿಲೋ ಗಾಳಿಗೆ ಸೇರಿದರೆ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ತಾಪ. ನಮ್ಮ ವಿದ್ಯುತ್ ಜಾಲದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 2,500 ಯೂನಿಟ್ ಕರೆಂಟಿಗೆ ಸಮ. ಒಂದೂವರೆ ಟನ್ನಿನ ಒಳ್ಳೆಯ ಎ.ಸಿ. ಮೂರು ವರ್ಷ ಓಡಿ ಸುಡುವಷ್ಟು. ಸ್ಟಾರ್ ಲೇಬಲ್ಲಿನಿಂದ ವರ್ಷಗಟ್ಟಲೆ ಉಳಿಸಿದ್ದನ್ನು ಒಂದು ಕೆಟ್ಟ ಜೋಡಣೆ ಒಂದು ಬೇಸಿಗೆಯಲ್ಲಿ ಕಳೆಯಬಲ್ಲದು. ಹೊಸ ಯಂತ್ರಗಳ ಆರ್-32ರ ತಾಪಶಕ್ತಿ ಇದರ ಅರ್ಧಕ್ಕಿಂತ ಕಡಿಮೆ, ಸುಮಾರು 675. ಆದರೆ ಅದರ ಒತ್ತಡ ಆರ್-22ರ ಒಂದೂವರೆ ಪಟ್ಟು, ಮೇಲಾಗಿ ಅದು ಸೌಮ್ಯವಾಗಿಯಾದರೂ ಹೊತ್ತಿಕೊಳ್ಳುವ ಗ್ಯಾಸು. ಕೆಲವು ಎ.ಸಿ.ಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ಅಡುಗೆ ಅನಿಲದ ಸೋದರ. ವಾತಾವರಣಕ್ಕೆ ಒಳ್ಳೆಯ ಗ್ಯಾಸ್ ಹುಡುಕುತ್ತ ಹೋದಷ್ಟೂ ಮೆಕ್ಯಾನಿಕ್ಕಿಗೆ ಅಪಾಯದ ಗ್ಯಾಸ್ ಸಿಗುತ್ತಿದೆ ಎಂಬುದು ಈ ಕ್ಷೇತ್ರದ ವಿಚಿತ್ರ. ಹೊಸ ಉಪಕರಣಗಳ ತಯಾರಿಕೆಯಲ್ಲಿ ಆರ್-22 ಬಳಕೆ 2024ರ ಕೊನೆಗೆ ನಿಂತಿದೆ. ಇಂಥ ಗ್ಯಾಸುಗಳನ್ನು ಕಡಿತಗೊಳಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದ್ದರಿಂದ ಆರ್-32ರಂಥ ಗ್ಯಾಸುಗಳ ಬಳಕೆಯೂ 2028ರಿಂದ ನಿಗದಿತ ಮಟ್ಟ ಮೀರದೆ, 2032ರಿಂದ ಇಳಿಯಬೇಕು. 2019ರ ಭಾರತ ಕೂಲಿಂಗ್ ಕ್ರಿಯಾಯೋಜನೆ ಇದನ್ನೆಲ್ಲ ಮುಂಗಂಡು, 2022-23ರೊಳಗೆ ಒಂದು ಲಕ್ಷ ಸರ್ವಿಸ್ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಎಂದು ಬರೆದುಕೊಂಡಿತು. ಕೇಂದ್ರ ಪರಿಸರ ಸಚಿವಾಲಯದ ಓಝೋನ್ ಸೆಲ್ ನಡೆಸುವ ತರಬೇತಿ ಶಿಬಿರಗಳು ಒಳ್ಳೆಯವೇ. ಐ.ಟಿ.ಐ.ಗಳಲ್ಲಿ ಎರಡು ವರ್ಷದ ರೆಫ್ರಿಜರೇಶನ್ ಟ್ರೇಡ್ ದಶಕಗಳಿಂದ ಇದೆ. ಕೊರತೆ ಇರುವುದು ಬೇರೆ ಕಡೆ: ಆ ಪ್ರಮಾಣಪತ್ರ ಇದ್ದವನಿಗೂ ಇಲ್ಲದವನಿಗೂ ಮಾರುಕಟ್ಟೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಗ್ಯಾಸ್ ಸಿಲಿಂಡರ್ ಕೊಳ್ಳಲು ಅದು ಬೇಡ, ಯಂತ್ರ ಬಿಚ್ಚಲು ಬೇಡ.

ಹಾಗಾದರೆ ಕಾಂಟ್ರಾಕ್ಟರುಗಳಿಗೆ ಗಟ್ಟಿ ಲೈಸೆನ್ಸ್ ತರೋಣ ಎಂಬುದು ಮೊದಲು ಹೊಳೆಯುವ ಉತ್ತರ. ಅದರ ಅತ್ಯಂತ ಬಲಿತ ರೂಪ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ಮನೆ ಬಿಸಿ ಮಾಡುವ, ತಂಪು ಮಾಡುವ ಕೆಲಸಕ್ಕೆ ಸಿ-20 ಎಂಬ ಲೈಸೆನ್ಸ್ ಬೇಕು. ನಾಲ್ಕು ವರ್ಷದ ಪಳಗಿದ ಕೆಲಸದ ಅನುಭವ ತೋರಿಸಬೇಕು. ಕಾನೂನು ಮತ್ತು ವ್ಯವಹಾರದ ಮೇಲೆ ಒಂದು, ಕಸುಬಿನ ಮೇಲೆ ಒಂದು, ಹೀಗೆ ಎರಡು ಪರೀಕ್ಷೆ. ಅರ್ಜಿಗೆ 450 ಡಾಲರ್, ಮೊದಲ ಲೈಸೆನ್ಸಿಗೆ ಒಂಟಿ ಮಾಲೀಕರಾದರೆ 200. 2023ರಿಂದ 25,000 ಡಾಲರಿನ ಬಾಂಡ್, ಕೆಲಸಗಾರರೇ ಇಲ್ಲದಿದ್ದರೂ ಕಾರ್ಮಿಕ ಪರಿಹಾರ ವಿಮೆ. ಲೈಸೆನ್ಸ್ ಇಲ್ಲದವರು 1,000 ಡಾಲರಿನೊಳಗಿನ, ಪರ್ಮಿಟ್ ಬೇಡದ ಚಿಲ್ಲರೆ ಕೆಲಸ ಮಾತ್ರ ಮಾಡಬಹುದು, ಅದೂ ಒಬ್ಬರೇ. ಇದರ ಮೇಲೆ, ಹಳೆಯ ಯಂತ್ರ ತೆಗೆದು ಹೊಸದು ಕೂರಿಸುವ ಪ್ರತಿ ಮನೆಗೂ ನಗರಾಡಳಿತದ ಪರ್ಮಿಟ್, ತಪಾಸಣೆ. ಸನ್ನಿವೇಲ್, ಫ್ರೀಮಾಂಟ್‌ಗಳಲ್ಲಿ ಮನೆ ಮಾಡಿದ ಕನ್ನಡಿಗರು ಕಟ್ಟುವ ಬಿಲ್ಲಿನಲ್ಲಿ ಇವೆಲ್ಲವೂ ಸೇರಿರುತ್ತದೆ. ಇಷ್ಟು ಬಿಗಿಯಾದ ಏರ್ಪಾಡಿನ ಫಲವೇನು? ಆ ರಾಜ್ಯದ್ದೇ 2008ರ ದೀರ್ಘಕಾಲೀನ ಇಂಧನ ದಕ್ಷತಾ ಯೋಜನೆ ಒಪ್ಪಿಕೊಂಡ ಪ್ರಕಾರ, ಕಾನೂನಿನಂತೆ ಬೇಕಾದ ಪರ್ಮಿಟ್ ಪಡೆಯುತ್ತಿದ್ದ ಯಂತ್ರಗಳು ಶೇಕಡಾ 10ಕ್ಕಿಂತ ಕಡಿಮೆ, ಹೊಸ ಸೆಂಟ್ರಲ್ ಎ.ಸಿ.ಗಳಲ್ಲಿ ಶೇಕಡಾ 30ರಿಂದ 50ರಷ್ಟು ಸರಿಯಾಗಿ ಕೂರಿಸಿದವಲ್ಲ. ಲೈಸೆನ್ಸ್ ಇದ್ದ ಕಾಂಟ್ರಾಕ್ಟರೇ ಪರ್ಮಿಟ್ ಬಿಟ್ಟು ಗಿರಾಕಿಗೆ ಸ್ವಲ್ಪ ಉಳಿಸಿಕೊಡುತ್ತಿದ್ದ, ಇಬ್ಬರಿಗೂ ಖುಷಿ. ಪ್ರವೇಶದ ಬಾಗಿಲನ್ನು ಎತ್ತರಿಸಿದ್ದರಿಂದ ಒಳಗೆ ಬಂದವರ ಕೆಲಸ ತಾನಾಗಿ ಸುಧಾರಿಸಲಿಲ್ಲ. ಅಷ್ಟು ಹಣ, ಅಷ್ಟು ತಪಾಸಕರು ಇರುವಲ್ಲೇ ಹೀಗಾದರೆ, ಇದನ್ನೇ ಇಲ್ಲಿಗೆ ತಂದರೆ ಮೊದಲ ವರ್ಷವೇ ಅದೊಂದು ಲಂಚದ ಅಂಗಡಿಯಾಗುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಅದೇ ಅಮೆರಿಕದಲ್ಲಿ ಇನ್ನೊಂದು ಏರ್ಪಾಡೂ ಇದೆ. ಅದು ಸಣ್ಣದು, ಗದ್ದಲವಿಲ್ಲದ್ದು, ನಮಗೆ ಹೊಂದುವಂಥದ್ದು. 1990ರಲ್ಲಿ ತಿದ್ದುಪಡಿಯಾದ ಅಲ್ಲಿನ ವಾಯುಶುದ್ಧಿ ಕಾಯ್ದೆಯ 608ನೇ ಸೆಕ್ಷನ್ನಿನಡಿ, 1994ರ ನವೆಂಬರಿನಿಂದ, ಗ್ಯಾಸಿನ ಕೊಳವೆ ಬಿಚ್ಚುವ ಪ್ರತಿ ವ್ಯಕ್ತಿಗೂ ಪ್ರಮಾಣಪತ್ರ ಕಡ್ಡಾಯ. ಅದು ಕಂಪನಿಯ ಹೆಸರಿಗಲ್ಲ, ಮನುಷ್ಯನ ಹೆಸರಿಗೆ. ಸಾಮಾನ್ಯ ಭಾಗಕ್ಕೆ 25 ಪ್ರಶ್ನೆ, ಯಂತ್ರದ ಬಗೆಗೆ ತಕ್ಕ ಭಾಗಕ್ಕೆ ಇನ್ನೊಂದು 25; ಒಮ್ಮೆ ಪಾಸಾದರೆ ಜೀವನಪರ್ಯಂತ ಸಾಕು, ನವೀಕರಣದ ತಲೆನೋವಿಲ್ಲ. ಇದಕ್ಕೆ ಹಲ್ಲು ಬರುವುದು ಇನ್ನೊಂದು ನಿಯಮದಿಂದ: ಸರ್ವಿಸಿಗೆ ಬೇಕಾದ ಗ್ಯಾಸನ್ನು ಪ್ರಮಾಣಪತ್ರ ಇದ್ದವರಿಗೇ ಮಾರಬೇಕು. 2018ರಿಂದ ಈ ನಿಯಮ ಹೊಸ ಗ್ಯಾಸುಗಳಿಗೂ ಹಬ್ಬಿದೆ. ಮನೆಮನೆಗೆ ತಪಾಸಕರನ್ನು ಕಳಿಸುವ ಬದಲು, ಎಲ್ಲರೂ ಹಾದುಹೋಗಲೇಬೇಕಾದ ಒಂದು ಕೌಂಟರಿನಲ್ಲಿ ಪ್ರಶ್ನೆ ಕೇಳುವ ಉಪಾಯ ಇದು. ಯುರೋಪಿನ ಎಫ್-ಗ್ಯಾಸ್ ನಿಯಮಗಳೂ ಗ್ಯಾಸು ಮುಟ್ಟುವವರಿಗೆ ಪ್ರಮಾಣಪತ್ರ ಕೇಳುತ್ತವೆ. 608ರ ದೊಡ್ಡ ಕೊರತೆ ಎಂದರೆ ಅದು ಬರೀ ಬರವಣಿಗೆಯ ಪರೀಕ್ಷೆ. ಉತ್ತರ ಗುರುತು ಹಾಕಲು ಬಂದವನಿಗೆ ಫ್ಲೇರ್ ಮಾಡಲು ಬರಬೇಕೆಂದೇನೂ ಇಲ್ಲ. ನಾವು ಮಾಡುವುದಾದರೆ ಇದನ್ನು ತಿರುವಿಹಾಕಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಚಿಕ್ಕದಾಗಿ ಇರಲಿ. ಒಂದು ಪೈಪು ಜೋಡಿಸಿ, ನೈಟ್ರೋಜನ್ ಹಿಡಿಸಿ, ವ್ಯಾಕ್ಯೂಮ್ ನಿಲ್ಲಿಸಿ ತೋರಿಸುವುದು ಮುಖ್ಯವಾಗಲಿ. ಇಪ್ಪತ್ತು ವರ್ಷ ಕೆಲಸ ಮಾಡಿದ, ಶಾಲೆಯ ಮೆಟ್ಟಿಲು ಅಷ್ಟಾಗಿ ಹತ್ತದ ಮೇಸ್ತ್ರಿ ಅದರಲ್ಲಿ ಸುಲಭವಾಗಿ ಗೆಲ್ಲುತ್ತಾನೆ, ಗೆಲ್ಲಬೇಕಾದವನೂ ಅವನೇ.

ಹಾದುಹೋಗಲೇಬೇಕಾದ ಜಾಗದಲ್ಲಿ ಪ್ರಶ್ನೆ ಇಡುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಬಿಸಿನೀರಿನ ಕಡೆ ನೋಡಿ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರು ಸೋಲಾರ್ ವಾಟರ್ ಹೀಟರ್ ಹಾಕಿಸಬೇಕೆಂಬ ಷರತ್ತನ್ನು ವಿದ್ಯುತ್ ಸಂಪರ್ಕಕ್ಕೆ ಗಂಟು ಹಾಕಿದರು, ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗಿನ ರಿಯಾಯಿತಿಯನ್ನೂ ಇಟ್ಟರು. ಕರೆಂಟಿಲ್ಲದೆ ಯಾರೂ ಇರುವುದಿಲ್ಲ, ಹಾಗಾಗಿ ಷರತ್ತು ಫಲಿಸಿತು. ಬಡಾವಣೆಗಳ ತಾರಸಿ ನೋಡಿದರೆ ಗೊತ್ತಾಗುತ್ತದೆ. ಆ ಷರತ್ತು ಯಂತ್ರ ಇದೆಯೇ ಎಂದು ನೋಡುತ್ತದೆ, ಕೂರಿಸಿದ್ದು ಸರಿಯೇ ಎಂದು ನೋಡುವುದಿಲ್ಲ ಎಂಬ ಮಿತಿ ಅಲ್ಲಿಯೂ ಇದೆ. ಗ್ಯಾಸ್ ಗೀಸರಿನಲ್ಲಿ ಅದೇ ಮಿತಿ ಜೀವಕ್ಕೆ ಎರವಾಗುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ, ಹೊಗೆ ಹೋಗಲು ಕೊಳವೆಯೇ ಇಲ್ಲದೆ ಕೂರಿಸಿದ ಗೀಸರಿನಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸತ್ತ ಸುದ್ದಿ ಚಳಿಗಾಲಗಳಲ್ಲಿ ಮತ್ತೆಮತ್ತೆ ಬರುತ್ತದೆ. ಗೀಸರ್ ಕೆಟ್ಟದ್ದಾಗಿರುವುದಿಲ್ಲ, ಅದನ್ನು ಎಲ್ಲಿ, ಹೇಗೆ ಕೂರಿಸಬಾರದು ಎಂದು ಕೂರಿಸಿದವರಿಗೆ ಯಾರೂ ಹೇಳಿರುವುದಿಲ್ಲ.

ಇಲ್ಲಿ ಬರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ತೂಕದ್ದು ಹೊಟ್ಟೆಪಾಡಿನದು. ಈ ಕಸುಬು ಯಾವ ಕಾಗದವನ್ನೂ ಕೇಳದೆ ಹಳ್ಳಿಯಿಂದ ಬಂದ ಸಾವಿರಾರು ಹುಡುಗರಿಗೆ ಅನ್ನ ಕೊಟ್ಟಿದೆ, ಅದರ ಬಾಗಿಲಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸುವುದು ಅನ್ಯಾಯ ಎಂಬ ಮಾತು. ಇದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಅಂಗಡಿಗೆ ಮತ್ತೊಂದು ಲೈಸೆನ್ಸ್ ಬೇಡ, ಅನುಭವದ ಸರ್ಟಿಫಿಕೇಟ್ ಬೇಡ, ಬಾಂಡ್ ಬೇಡ, ನವೀಕರಣ ಬೇಡ ಎನ್ನುವುದು. ಶುಲ್ಕ 500 ರೂಪಾಯಿ ಮೀರಬಾರದು, ಪರೀಕ್ಷೆ ಸೀಸನ್ ಇಲ್ಲದ ತಿಂಗಳುಗಳಲ್ಲಿ, ಜಿಲ್ಲೆಯ ಐ.ಟಿ.ಐ.ಯಲ್ಲಿ ಭಾನುವಾರ ನಡೆಯಬೇಕು, ಎಷ್ಟು ಸಲ ಬೇಕಾದರೂ ಕೂರುವಂತಿರಬೇಕು. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ರೋಬೋಟಿಕ್ಸ್‌ವರೆಗೆ ಮೇಲ್ದರ್ಜೆಗೆ ಏರಿಸಿರುವ ಸರ್ಕಾರಕ್ಕೆ ಇಷ್ಟು ಏರ್ಪಾಡು ಭಾರವಲ್ಲ. ಇಂದಿನ ಸ್ಥಿತಿ ಬಡ ಮೆಕ್ಯಾನಿಕ್ಕನ್ನು ಕಾಪಾಡುತ್ತಿದೆ ಎನ್ನುವುದೂ ಅರ್ಧ ಸತ್ಯವೇ. ತನ್ನ ಕೆಲಸ ಒಳ್ಳೆಯದೆಂದು ತೋರಿಸುವ ಕಾಗದವಿಲ್ಲದ್ದರಿಂದ ಅವನು ಯಾವತ್ತೂ ಕಡಿಮೆ ಕೂಲಿಯವನ ಜೊತೆಯೇ ಪೈಪೋಟಿ ಮಾಡಬೇಕು. ಕಂಪನಿಯ ಸಬ್ ಕಾಂಟ್ರಾಕ್ಟರು ಕೊಟ್ಟಷ್ಟಕ್ಕೆ ಒಪ್ಪಬೇಕು. ಗಲ್ಫಿಗೆ ಹೋಗಬೇಕೆಂದರೆ ಅಲ್ಲಿ ಕೇಳುವ ಸರ್ಟಿಫಿಕೇಟಿಗೆ ಏಜೆಂಟನ ಕಾಲು ಹಿಡಿಯಬೇಕು.

ಎರಡನೆಯ ಆಕ್ಷೇಪ ಮಾರುಕಟ್ಟೆಯ ಪರವಾದದ್ದು. ಆ್ಯಪ್‌ಗಳಲ್ಲಿ ರೇಟಿಂಗ್ ಇದೆ, ಕಂಪನಿಗಳಿಗೆ ಅಧಿಕೃತ ಸರ್ವಿಸ್ ಇದೆ, ಕೆಟ್ಟ ಕೆಲಸದವರು ತಾವಾಗಿ ಉದುರಿಹೋಗುತ್ತಾರೆ ಎಂಬುದು. ನಲ್ಲಿ ಸರಿಮಾಡುವ ಕೆಲಸಕ್ಕೆ ಈ ಮಾತು ನಡೆದೀತು, ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ. ವ್ಯಾಕ್ಯೂಮ್ ಹಿಡಿಸಿದರೋ ಇಲ್ಲವೋ ಗಿರಾಕಿಗೆ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದ, ಶೂ ಬಿಚ್ಚಿ ಒಳಬಂದ, ಗೋಡೆಯ ಧೂಳು ಒರೆಸಿ ಹೋದ ಎಂಬುದಕ್ಕೆ ಐದು ಸ್ಟಾರ್ ಬೀಳುತ್ತದೆ. ಕೆಟ್ಟ ಫ್ಲೇರ್ ಎರಡನೆಯ ಬೇಸಿಗೆಯಲ್ಲಿ ಬಾಯಿಬಿಡುವ ಹೊತ್ತಿಗೆ ಆ ರೇಟಿಂಗ್ ಹಳತಾಗಿರುತ್ತದೆ, ಬರುವವನೂ ಬೇರೆಯವನು. ಕಂಪನಿಯ ಅಧಿಕೃತ ಸರ್ವಿಸ್ ವಾಸಿ ಎಂಬುದು ಒಟ್ಟಾರೆ ನಿಜ, ಆದರೆ ಏಪ್ರಿಲ್ ಬಂತೆಂದರೆ ಅವರೂ ಹೊರಗಿನ ಹುಡುಗರನ್ನೇ ನೆಚ್ಚುತ್ತಾರೆ. ಗಿರಾಕಿ ಕಾಣಲಾರದ್ದನ್ನು ಗಿರಾಕಿಯ ತೀರ್ಪಿಗೆ ಬಿಡುವುದು ವಿಚಿತ್ರ ನ್ಯಾಯ. ನಾವು ಔಷಧದ ಅಂಗಡಿಗೂ ವೈರಿಂಗಿಗೂ ಹಾಗೆ ಬಿಟ್ಟಿಲ್ಲ.

ಕಳ್ಳಮಾರ್ಗದಲ್ಲಿ ಗ್ಯಾಸ್ ಸಿಗುವುದಿಲ್ಲವೇ, ಒಬ್ಬನ ಸರ್ಟಿಫಿಕೇಟಿನಲ್ಲಿ ಹತ್ತು ಜನ ಕೊಳ್ಳುವುದಿಲ್ಲವೇ ಎಂಬುದು ಮೂರನೆಯ ಪ್ರಶ್ನೆ. ಸಿಗುತ್ತದೆ, ಕೊಳ್ಳುತ್ತಾರೆ. ಮೊದಮೊದಲು ಅರ್ಧದಷ್ಟು ಗ್ಯಾಸು ಹಾಗೆಯೇ ಹೋದರೂ, ಉಳಿದರ್ಧ ತೂಗಿ ತುಂಬಿದ್ದಾದರೆ ಅದು ಇಂದಿಗಿಂತ ಮೇಲು. ಮಾರಾಟದ ಕೌಂಟರಿಗೆ ವಾರಂಟಿಯನ್ನೂ ಜೋಡಿಸಿದರೆ ಹಿಡಿತ ಬಿಗಿಯಾಗುತ್ತದೆ. ಕೂರಿಸಿದವರ ಪ್ರಮಾಣಪತ್ರದ ನಂಬರು, ವ್ಯಾಕ್ಯೂಮಿನ ಓದು, ತುಂಬಿದ ಗ್ಯಾಸಿನ ಗ್ರಾಂ, ಈ ಮೂರನ್ನು ಬರೆದ ಚೀಟಿ ಔಟ್‌ಡೋರ್ ಯೂನಿಟ್ಟಿನ ಮೇಲೆ ಇದ್ದರೆ ಮಾತ್ರ ಕಂಪ್ರೆಸರಿನ ವಾರಂಟಿ ನಡೆಯುತ್ತದೆ ಎಂದು ಕಂಪನಿಗಳೇ ಷರತ್ತು ಹಾಕಬಹುದು. ಹತ್ತು ವರ್ಷದ ಕಂಪ್ರೆಸರ್ ವಾರಂಟಿ ಎಂದು ಜಾಹೀರಾತು ಕೊಡುವವರಿಗೆ ಇದರಲ್ಲಿ ಲಾಭವೇ ಹೊರತು ನಷ್ಟವಿಲ್ಲ.

ಉಳಿಯುವ ತೊಡಕು ಹಳೆಯ ಗ್ಯಾಸಿನದು. ಆರ್-22 ತುಂಬಿದ ಯಂತ್ರಗಳು ಇನ್ನೂ ಎಷ್ಟೋ ವರ್ಷ ಗೋಡೆಗಳ ಮೇಲಿರುತ್ತವೆ. ಗುಜರಿಗೆ ಹೋಗುವಾಗ ಅವುಗಳ ಪೈಪನ್ನು ಕತ್ತರಿಸಿ, ಗ್ಯಾಸನ್ನು ಗಾಳಿಗೆ ಬಿಟ್ಟು, ತಾಮ್ರ ಎತ್ತಿಕೊಳ್ಳುತ್ತಾರೆ. ತಾಮ್ರಕ್ಕೆ ಬೆಲೆ ಇದೆ, ಒಳಗಿನ ಗ್ಯಾಸಿಗೆ ಇಲ್ಲ. ರಿಕವರಿ ಯಂತ್ರವನ್ನು ಪ್ರತಿಯೊಬ್ಬ ಮೆಕ್ಯಾನಿಕ್ಕೂ ಕೊಳ್ಳಬೇಕೆನ್ನುವುದು ಆಗದ ಮಾತು. ಗ್ಯಾಸ್ ಮಾರುವ ಡೀಲರುಗಳ ಬಳಿಯೇ ಅದನ್ನು ದಿನದ ಬಾಡಿಗೆಗೆ ಇಟ್ಟು, ಎಳೆದು ತಂದ ಹಳೆಯ ಗ್ಯಾಸಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುವ ಏರ್ಪಾಡು ಮಾಡಿದರೆ, ಸಿಲಿಂಡರ್ ಕೊಳ್ಳಲು ಬರುವವನೇ ತರುವವನೂ ಆಗುತ್ತಾನೆ. ಆ ದುಡ್ಡು ಯಾರ ಜೇಬಿನಿಂದ ಬರಬೇಕು, ಹೊಸ ಎ.ಸಿ.ಯ ಬೆಲೆಯಲ್ಲೇ ಸೇರಬೇಕೋ, ಗ್ಯಾಸ್ ತಯಾರಕರು ಕೊಡಬೇಕೋ, ರಾಜ್ಯ ಸರ್ಕಾರ ಮೊದಲ ಕೆಲವು ವರ್ಷ ಹೊರಬೇಕೋ ಎಂಬುದನ್ನು 2028ಕ್ಕೆ ಮೊದಲೇ ತೀರ್ಮಾನಿಸಬೇಕು. ತಯಾರಕರೇ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿಯವರೆಗೆ ಸೋರಿದ ಪ್ರತಿ ಕಿಲೋದ ಜಾಗಕ್ಕೂ ಒಂದು ಹೊಸ ಕಿಲೋ ಮಾರಿದವರು ಅವರೇ.